ದೊಣೆಯ ಕಾವಲು

ಆರಿದ್ರಾ ಮಳೆ ಹಿಡಿದ ಮೊದಲ ಸೋಮವಾರ, ಬೆಳಿಗ್ಗೆ ಎಂಟರ ಹೊತ್ತಿಗೆ ಅರಣ್ಯ ಇಲಾಖೆಯ ದೊಡ್ಡ ಸಾಹೇಬರು ಬೆಟ್ಟ ಹತ್ತಿ ಬಂದರು. ಬಂಡೆಯ ನಡುವೆ ನೀರು ನಿಲ್ಲುವ ದೊಣೆಯಲ್ಲಿ, ಬೇರೆಲ್ಲೂ ಇಲ್ಲದ ಜಾತಿಯ ನಲವತ್ತು ಕಪ್ಪೆಗಳು ಉಳಿದಿದ್ದವು. ಕೆಳಗಿನ ಕೆರೆಯ ಕಪ್ಪೆಗಳಿಗೆ ಚರ್ಮದ ರೋಗ ಬಡಿದಿತ್ತು. ಅದು ಕಾಲಿನ ಕೆಸರಿನ ಜೊತೆ ಮೇಲಕ್ಕೆ ಹತ್ತದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಹುಚ್ಚೀರಯ್ಯನ ಕೆಲಸ. ಬಂದವರು ಗೇಟಿನ ಬಳಿ ಔಷಧದ ತೊಟ್ಟಿಯಲ್ಲಿ ಕಾಲು ಅದ್ದಿ, ಅದ್ದಿದ್ದಕ್ಕೆ ಪುಸ್ತಕದಲ್ಲಿ ರುಜು ಹಾಕಿಯೇ ಒಳಗೆ ಹೋಗಬೇಕು. ತನ್ನ ಕಾಲಿಗೂ ಊರ ಕೆಸರು ಅಂಟಿದೆಯೆಂದು ಹುಚ್ಚೀರಯ್ಯ ಆರು ವರ್ಷದಲ್ಲಿ ಒಂದು ದಿನವೂ ಗೇಟು ದಾಟಿದವನಲ್ಲ.

“ಬುದ್ಧೀ, ಬೂಟು ಒಸಿ ಅದ್ಬುಟ್ಟು ಹೋಗಿ.”

“ತೊಗಲಿನ ಬೂಟು ಕಣಯ್ಯ, ಹಾಳಾಗುತ್ತೆ.”

“ನೆನ್ನೆ ಕೆಳಗಿನ ಕೆರೇಲಿ ಇಳಿದಿದ್ರಂತಲ್ಲ?”

“ಈ ನಿಯಮ ಬರೆದೋನೇ ನಾನು. ನಂಗೇ ಪಾಠ ಹೇಳ್ತೀಯಾ? ಕೊಡು ಪುಸ್ತಕ.”

ಸಾಹೇಬರು ಉದ್ದಕ್ಕೂ ರುಜು ಎಳೆದು, ಬೂಟುಗಾಲಲ್ಲೇ ದೊಣೆಗಿಳಿದು ಫೋಟೊ ತೆಗೆಸಿಕೊಂಡರು.

ತಿಂಗಳು ತುಂಬುವುದರೊಳಗೆ ಕಪ್ಪೆಗಳು ಒಂದೊಂದಾಗಿ ಸತ್ತು ಅಂಗಾತ ತೇಲತೊಡಗಿದವು. ವಿಚಾರಣೆಗೆ ಬಂದವರೂ ಅದೇ ಸಾಹೇಬರು. ಪುಸ್ತಕ ತಿರುವಿ ಕೇಳಿದರು:

“ಎಲ್ಲರ ರುಜೂನೂ ಇದೆ. ನಿನ್ನ ಹೆಬ್ಬೆಟ್ಟು ಎಲ್ಲಯ್ಯ?”

“ನಾನು ಒಳಕ್ಕೆ ಹೋಗೇ ಇಲ್ವಲ್ಲ ಬುದ್ಧಿ.”

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. “ಕಾಲು ಅದ್ದದೋನು ಇವನೊಬ್ನೇ ಅಂತ ಬರ್ಕೊಳ್ರಿ.”

ಕೊನೆಯ ಕಪ್ಪೆ ಬುಧವಾರ ಸತ್ತಿತು. ಶುಕ್ರವಾರ ಹುಚ್ಚೀರಯ್ಯನನ್ನು ಕೆಲಸದಿಂದ ತೆಗೆದು ಬೆಟ್ಟ ಇಳಿಸಿದರು; ಇಳಿಸುವ ಮುಂಚೆ ತೊಟ್ಟಿಯಲ್ಲಿ ಅವನ ಕಾಲು ಅದ್ದಿಸಿ, ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರು.