ಅಣ್ಣನ ಗಡ್ಡ

"ಮಾತ್ರೆ ತಗೊಂಡ್ಯೇನೋ?" ಎನ್ನುತ್ತಲೇ ಅಣ್ಣ ಕುರ್ಚಿಗೊರಗಿ ಕತ್ತು ಒಡ್ಡಿದ.

"ತಿಂಡಿ ಆದ್ಮೇಲೇ ತಗೊಂಡೆ," ಎಂದು ಕ್ಷೌರಿಕನಾದ ತಮ್ಮ ಕ್ಷೌರದ ಕತ್ತಿಗೆ ಹೊಸ ಬ್ಲೇಡು ಹಾಕಿದ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗಿನಿಂದ, ಒಂದು ಕೆನ್ನೆ ಮುಗಿಯುವುದರೊಳಗೆ ಅವನ ಗಮನ ಕೈಕೊಡುತ್ತಿತ್ತು. ಸುಸ್ತು ಹತ್ತಿದರೆ ನಿಂತಲ್ಲೇ ತೂಕಡಿಕೆ. ಗಿರಾಕಿಗಳು ಬೇರೆ ಅಂಗಡಿ ಹಿಡಿದಿದ್ದರು. ಚುರುಕಾಗಿರಲೆಂದು ಡಾಕ್ಟರು ಈ ಮಾತ್ರೆ ಬರೆದುಕೊಟ್ಟ ಮೇಲೆ ಇದೇ ಮೊದಲ ಗಡ್ಡ.

"ಭಯ ಆಗಲ್ವಾ ಅಣ್ಣಾ?"

"ಹೋದ್ಸಲ ನೀನು ಮಧ್ಯದಲ್ಲೇ ತೂಕಡಿಸಿದಾಗ ಅರ್ಧ ಗಡ್ಡದಲ್ಲೇ ಆಫೀಸಿಗೆ ಹೋಗಿ ಬಂದೋನು ನಾನು. ಇನ್ನೇನ್ ಭಯ? ಶುರು ಮಾಡು."

ಬಲಗೆನ್ನೆ ಮುಗಿಯಿತು. ಎಡಗೆನ್ನೆಯೂ ಮುಗಿಯಿತು. ರಸ್ತೆಯಲ್ಲಿ ಲಾರಿಯ ಹಾರ್ನು ಅರಚಿದರೂ ತಮ್ಮನ ಕಣ್ಣು ಅಲಗು ಬಿಟ್ಟು ಕದಲಲಿಲ್ಲ. ಗಂಟಲಿನ ಉಬ್ಬಿನ ಹತ್ತಿರ ಬಂದಾಗ ಮಾತ್ರ ಉಸಿರು ಬಿಗಿಹಿಡಿದ. "ಈಗ ಅಲ್ಲಾಡ್ಬೇಡ ಅಣ್ಣಾ," ಎಂದ. ಉತ್ತರವಿಲ್ಲ. ಕತ್ತಿ ಎತ್ತಿ, ಬಗ್ಗಿ ನೋಡಿದ.

ಅಣ್ಣ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ.

ತಮ್ಮ ಮುಂಗೈಯಿಂದ ಕಣ್ಣೊರೆಸಿಕೊಂಡು, ಅವನಿಗೆ ಎಚ್ಚರವಾಗದಂತೆ ಉಳಿದ ಗಡ್ಡ ತೆಗೆಯತೊಡಗಿದ.