ಬಲಗೈಗೆ ತೊಟ್ಟ ನೋವು

ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ರೊಟ್ಟಿ ಬಡಿದು ಸಾವಂತ್ರೆವ್ವನ ಬಲ ಮಣಿಕಟ್ಟು ಹೋಗಿತ್ತು. ‘ಇನ್ನು ಕೈಲಾಗದು’ ಎಂದು ಅವಳನ್ನು ಮನೆಗೆ ಕಳಿಸಿದ ಮಾಲೀಕರೇ, ಪರಿಹಾರ ಕೇಳಿದಾಗ ‘ನೋವೆಲ್ಲ ನಾಟಕ’ ಎಂದಿದ್ದರು. ಅದಕ್ಕೇ ಅವಳು ನೋವಿನ ಕಚೇರಿಗೆ ಬಂದಿದ್ದಳು.

ಅಲ್ಲಿ ಅರ್ಜಿದಾರರ ನೋವನ್ನು ಅಧಿಕಾರಿಯೇ ತೊಟ್ಟು ನೋಡಬೇಕು. ಆದೇಶಕ್ಕೆ ಸಹಿ ಬೀಳುವವರೆಗೆ ಅದು ಅಧಿಕಾರಿಯನ್ನು ಬಿಟ್ಟು ಅರ್ಜಿದಾರರಿಗೆ ಮರಳುವುದಿಲ್ಲ. ಹಳಬರು ಜಾಣರು, ಯಾವ ಕೈಯ ನೋವೇ ಇರಲಿ ಎಡಗೈಗೇ ತೊಡುತ್ತಿದ್ದರು. ಹೊಸಬರಾದ ಹಾದಿಮನಿ ಸಾಹೇಬರು ಊಟದ ಗಡಿಬಿಡಿಯಲ್ಲಿ ಬಲಗೈಯನ್ನೇ ಚಾಚಿದರು. ಜವಾನ ಇಬ್ಬರ ಮಣಿಕಟ್ಟಿಗೂ ಒಂದೇ ಪಟ್ಟಿ ಸುತ್ತಿ ಬಿಚ್ಚಿದ.

“ಅಯ್ಯಯ್ಯೋ ಯವ್ವಾ!” ಸಾಹೇಬರ ಕಣ್ಣಲ್ಲಿ ನೀರು ಬಂತು. “ಇದನ್ನ ಇಟ್ಕೊಂಡು ರೊಟ್ಟಿ ಬಡೀತಿದ್ರೇನ್ರಿ? ಪೂರ್ತಿ ಪರಿಹಾರ ಬರೀತೀನಿ, ಪೆನ್ ಕೊಡ್ರಿ!”

ಪೆನ್ನು ಹಿಡಿದರು, ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು.

ಸಾವಂತ್ರೆವ್ವ ಕೈ ತಿರುಗಿಸಿ ನೋಡಿದಳು. ಹೂವಿನಷ್ಟು ಹಗುರ! ಮೂರು ವರ್ಷದಿಂದ ಮಗಳೇ ಕಟ್ಟುತ್ತಿದ್ದ ತುರುಬನ್ನು ಬಿಚ್ಚಿ, ತಾನೇ ಜಡೆ ಹೆಣೆಯತೊಡಗಿದಳು.

“ಯವ್ವಾ, ಸ್ವಲ್ಪ ಕೈ ಹಿಡದು ಸಹಿ ಮಾಡಸ್ರಿ,” ಸಾಹೇಬರು ಅಂಗಲಾಚಿದರು.

“ಮಾಡಸ್ತೀನ್ರೀ ಸಾಹೇಬ್ರ,” ಅವಳು ನಕ್ಕಳು. “ಜಡಿ ಇನ್ನೂ ಅರ್ಧಾ ಆಗೇತಿ.”