ಬಿಡೋದಲ್ಲ... ಬಿಡಿಸೋದು

ಅಂಗನವಾಡಿ ಟೀಚರ್ ಓಬಮ್ಮನ ಬ್ಯಾಗಿನಿಂದ ಮಾತ್ರೆ ಶೀಟು ಜಾರಿ ಬಿದ್ದಿದ್ದೇ ತಪ್ಪಾಯಿತು...

ಮಗುವನ್ನು ಬಿಡಲು ಬಂದಿದ್ದ ಗಿರಿಜಾ ಎತ್ತಿಕೊಟ್ಟಳು. ಕೊಡುವಾಗ ಮಾತ್ರೆಯ ಹೆಸರು ಓದಿಕೊಂಡಳು.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ... "ಟೀಚರ್ರು ಹುಚ್ಚಿನ ಮಾತ್ರೆ ನುಂಗ್ತಾರಂತೆ. ಮಕ್ಕಳನ್ನ ಹೆಂಗೆ ಕಳಿಸೋದು?"

ಗಂಡ ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದ ಓಬಮ್ಮನನ್ನು ಮತ್ತೆ ಮಕ್ಕಳ ನಡುವೆ ತಂದು ಕೂರಿಸಿದ್ದು ಅದೇ ಮಾತ್ರೆ. ಆದರೂ ಅವತ್ತೇ ಶೀಟನ್ನು ಒಲೆಗೆ ಹಾಕಿದಳು.

ನಾಲ್ಕನೇ ದಿನ... ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ವಾಕರಿಕೆ. ನಿದ್ದೆಯಿಲ್ಲ. ಸುಮ್ಮಸುಮ್ಮನೆ ಅಳು.

"ಜನ ಅಂದಿದ್ದೇ ನಿಜ... ನನಗೆ ಹುಚ್ಚೇ."

ರಾಜೀನಾಮೆ ಬರೆದು ಬ್ಯಾಗಿಗೆ ಹಾಕಿಕೊಂಡಳು. ಅದನ್ನು ಕೊಡುವ ಮುಂಚೆ, ಲಸಿಕೆಯ ಪಟ್ಟಿ ಕೊಡಲು ಆಸ್ಪತ್ರೆಗೆ ಹೋದಳು.

"ಏನಕ್ಕಾ, ಗೋಡೆ ಹಿಡ್ಕೊಂಡು ನಡೀತಿದ್ದೀಯ?" ನರ್ಸ್ ಜುಬೇದಾ ಕೈ ಹಿಡಿದು ಕೂರಿಸಿದಳು.

ಓಬಮ್ಮ ಎಲ್ಲ ಹೇಳಿಕೊಂಡಳು.

"ನೇರವಾಗಿ ಕೇಳ್ತೀನಿ. ಸಾಯಬೇಕು ಅನಿಸ್ತಿದೆಯಾ?"

"ಇಲ್ಲ ಸಿಸ್ಟರ್... ಕೆಲಸ ಬಿಟ್ರೆ ಮಕ್ಕಳಿಂದ ದೂರ ಆಗಬೇಕಲ್ಲ ಅಂತ ಸಂಕಟ."

"ಹಂಗೇನಾದ್ರೂ ಅನಿಸಿದ್ರೆ ಆ ಕ್ಷಣವೇ ಬರಬೇಕು. ಈಗ ಹೇಳು... ತಾಯಂದಿರ ಸಭೇಲಿ ಎದೆಹಾಲು ಬಿಡಿಸೋದು ಹೆಂಗೆ ಅಂತೀಯ?"

"ಒಂದೇ ದಿನಕ್ಕೆ ಬಿಡಿಸಬೇಡಿ, ಮಗು ರಚ್ಚೆ ಹಿಡಿಯುತ್ತೆ... ಒಂದೊಂದೇ ಹೊತ್ತು ಕಡಿಮೆ ಮಾಡಿ ಅಂತೀನಿ."

"ರಚ್ಚೆ ಹಿಡಿದ ಮಗೂಗೆ ಹುಚ್ಚು ಅಂತೀಯಾ?"

ಅಳುವಿನ ನಡುವೆಯೇ ಓಬಮ್ಮನಿಗೆ ನಗು ಬಂತು.

"ಇದೂ ಹಂಗೇ ಕಣಕ್ಕ. ಒಮ್ಮೆಗೇ ನಿಲ್ಲಿಸಿದ್ದಕ್ಕೆ ಮೈ ರಚ್ಚೆ ಹಿಡಿದಿದೆ, ಹುಚ್ಚಲ್ಲ. ಮಾತ್ರೆ ಬಿಡೋದಲ್ಲ... ಬಿಡಿಸೋದು! ಡಾಕ್ಟರ್ ಕೈಲಿ, ನಿಧಾನಕ್ಕೆ. ತಪ್ಪಿದ ದಿನದ್ದೆಲ್ಲ ಸೇರಿಸಿ ಒಟ್ಟಿಗೆ ನುಂಗೋಕೂ ಹೋಗಬೇಡ."

ಅಲ್ಲಿಂದಲೇ ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರಿಗೆ ಫೋನ್ ಹೋಯಿತು. ಅವರು ಹೇಳಿದಂತೆ ಮಾತ್ರೆ ಮತ್ತೆ ಶುರುವಾಯಿತು.

ವಾರದಲ್ಲಿ ತಲೆ ಹಗುರ... ಎದೆಯೂ ಹಗುರ.

ತಾಯಂದಿರ ಸಭೆ ಬಂತು. ಓಬಮ್ಮ ಹೊಸ ಮಾತ್ರೆ ಶೀಟನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು.

"ಬಿಪಿ ಮಾತ್ರೆ ಜಗಲಿ ಮೇಲೆ ಕೂತು ನುಂಗ್ತೀರಿ. ಮದುವೆ ಮನೆ ಎಲೆ ಮುಂದೆ ಶುಗರ್ ಮಾತ್ರೆ ನುಂಗ್ತೀರಿ. ಮನಸ್ಸಿನ ಮಾತ್ರೆಗೆ ಮಾತ್ರ ಯಾಕೆ ಕಳ್ಳತನ? ಹುಚ್ಚಿ ಅನ್ನೋರು ಎದುರಿಗೆ ನಿಂತು ಅನ್ನಿ!"

ಶೀಟನ್ನು ಅಲ್ಲೇ ಬಿಟ್ಟು ಸಭೆ ಮುಂದುವರಿಸಿದಳು.

ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ಗಿರಿಜಾ ನಿಂತಿದ್ದಳು. ಕಣ್ಣು ತುಂಬಿತ್ತು...

"ಟೀಚರ್... ಆ ಮಾತ್ರೆ ಹೆಸರು ನನಗೆ ಹೆಂಗೆ ಗೊತ್ತು ಅಂತ ಕೇಳಲಿಲ್ಲ ನೀವು. ನಮ್ಮಮ್ಮಂದೂ ಅದೇ ಮಾತ್ರೆ. ನಾನೇ ಹಬ್ಬಿಸಿದ ಮಾತು ನಮ್ಮನೆ ಬಾಗಿಲಿಗೂ ಬಂದೀತು ಅಂತ ಹೆದರಿ ಅಮ್ಮನ ಮಾತ್ರೆ ನಿಲ್ಲಿಸಿಬಿಟ್ಟೆ. ಮೂರು ದಿನದಿಂದ ತಲೆ ಸುತ್ತು ಅಂತ ಅಳ್ತಾ ಕೂತಿದಾಳೆ..."

ಓಬಮ್ಮ ಬ್ಯಾಗಿನಿಂದ ರಾಜೀನಾಮೆ ಪತ್ರ ತೆಗೆದಳು. ಅದರ ಹಿಂಬದಿಯಲ್ಲಿ ಜುಬೇದಾಳ ನಂಬರ್ ಬರೆದು ಗಿರಿಜಾಳ ಕೈಗಿಟ್ಟಳು.

"ನಡಿ ತಾಯಿ, ಈಗಲೇ ನಿಮ್ಮಮ್ಮನ್ನ ಕರ್ಕೊಂಡು ಹೋಗೋಣ. ಸಿಸ್ಟರ್ ಬೈಯಲ್ಲ... ಬೈದರೆ ನಾನಿದೀನಿ."

ಮಾತ್ರೆ ನುಂಗುವುದು ನಾಚಿಕೆಯಲ್ಲ... ಮಾತಿನಿಂದ ಇರಿದು ಮಾತ್ರೆ ಬಿಡುವಂತೆ ಮಾಡುವುದು ನಾಚಿಕೆ.

ನಿಮ್ಮ ಯಾವ ಮಾತಿಗೆ ಹೆದರಿ, ಇವತ್ತು ಯಾರ ಮನೆಯ ಮಾತ್ರೆ ಒಲೆಗೆ ಬಿತ್ತು?